ಗೊಂಬೆಯನ್ನು ಹೊರಳಿಸಿ ನೋಡುವ ವಿದ್ಯೆ

ಈ ವರ್ಷ ನಾಗರ ಪಂಚಮಿಗೆಂದು ಪುಣೆಯಿಂದ ಸಂಕೇಶ್ವರಕ್ಕೆ ಬಂದ ನನ್ನ ಮಗ ಉಂಡಿಯ ತಾಟಿಗೆ ಕೈಹಾಕುವ ಮೊದಲು ಕೇಳಿದ್ದು ತನ್ನ ಹೆಸರಿಗೆ ಬಂದಿದ್ದ ಒಂದು ಪೆಟ್ಟಿಗೆಯನ್ನು. ಅದು ಮೂರು ದಿನ ಮೊದಲೇ ಕೊರಿಯರಿನಲ್ಲಿ ಬಂದು ನನ್ನ ಮೇಜಿನ ಮೇಲೆ ಕುಳಿತಿತ್ತು. ಮಗನಿಗೀಗ ಮೂವತ್ತಾರು ವರ್ಷ. ತಕ್ಕಮಟ್ಟಿನ ಸಂಬಳದ ನೌಕರಿ, ಆರು ವರ್ಷದ ಒಬ್ಬ ಮಗ. ಅಂಥವನು ಆ ಪೆಟ್ಟಿಗೆಯನ್ನು ಬಿಚ್ಚುವಾಗ ತೋರಿದ ಎಚ್ಚರವನ್ನು ಕಂಡು ಒಳಗೆ ಬಂಗಾರವೋ ಗಡಿಯಾರವೋ ಇರಬೇಕೆಂದುಕೊಂಡೆ. ಹೊರಬಂದದ್ದು ಹಸಿರು ಅಂಗಿ ತೊಟ್ಟು ಕತ್ತಿ ಹಿಡಿದ, ಚೂಪು ಕಿವಿಯ, ಗೇಣುದ್ದವೂ ಇಲ್ಲದ ಒಂದು ಗೊಂಬೆ. ಜಪಾನಿನ ನಿಂಟೆಂಡೊ ಸಂಸ್ಥೆ 1986ರಲ್ಲಿ ಆರಂಭಿಸಿದ 'ಜೆಲ್ಡಾ' ಎಂಬ ವಿಡಿಯೊ ಆಟದ ನಾಯಕನಂತೆ, ಹೆಸರು ಲಿಂಕ್.

'ಈ ಗೊಂಬಿಗೆ ಎಷ್ಟು ಕೊಟ್ಟಿ?' ಎಂದು ಕೇಳಿದೆ.

'ಗೊಂಬಿ ಅಲ್ಲಪಾ, ಫಿಗರ್' ಎಂದು ಮೊದಲು ನನ್ನ ಭಾಷೆಯನ್ನು ತಿದ್ದಿ, ಬಳಿಕ ಬೆಲೆ ಹೇಳಿದ. 4,600 ರೂಪಾಯಿ! ನಾನು ಏನನ್ನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಮೂಸಿ, ಹೊರಳಿಸಿ, ಮಂಡಿ ಮಡಿಸಿ, ಹತ್ತು ನಿಮಿಷ ಮಾತಿಲ್ಲದೆ ನೋಡಿ, ಕೊನೆಗೆ ಮೇಜಿನ ಮೇಲಿಟ್ಟು 'ಡೂಪ್ಲಿಕೇಟ್ ಐತಿ' ಎಂದ. ಅವನ ಮುಖ ಬಾಡಿದ್ದನ್ನು ಕಂಡು ನನಗೆ ಹಣದ ವಿಚಾರ ಮರೆತುಹೋಯಿತು. ಅದಕ್ಕಿಂತ ಹೆಚ್ಚಾಗಿ, ಹತ್ತು ನಿಮಿಷಗಳಲ್ಲಿ ಆತ ಒಂದು ವಸ್ತುವಿನ ಜಾತಕವನ್ನೇ ಓದಿದ ಬಗೆ ನನ್ನನ್ನು ಹಿಡಿದು ನಿಲ್ಲಿಸಿತು. ಮೂವತ್ತೈದು ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಲೆಕ್ಕವಿಲ್ಲದಷ್ಟು ಖರೀದಿ ಕಡತಗಳಿಗೆ ಸಹಿ ಹಾಕಿದ ನಾನು ಯಾವ ವಸ್ತುವನ್ನೂ ಹೀಗೆ ನೋಡಿದ್ದಿಲ್ಲ.

ಮೊದಲು ಆ ಹೆಸರಿನ ವಿಚಾರ. ಗೊಂಬೆ ಎನಿಸಿಕೊಳ್ಳಲು ಒಪ್ಪದಿರುವುದು ನನ್ನ ಮಗನ ಬಿಗುಮಾನವಷ್ಟೇ ಅಲ್ಲ. ಈ ಉದ್ಯಮ ಹುಟ್ಟಿದ್ದೇ ಆ ನಾಚಿಕೆಯಿಂದ. 1959ರಲ್ಲಿ ಬಾರ್ಬಿ ಗೊಂಬೆ ಅಮೆರಿಕದ ಹೆಣ್ಣುಮಕ್ಕಳ ಮನೆಗಳನ್ನು ತುಂಬಿದಾಗ, ಗಂಡುಮಕ್ಕಳಿಗೂ ಅಂಥದೊಂದನ್ನು ಮಾರುವ ಆಸೆ ಹ್ಯಾಸ್ಬ್ರೊ ಕಂಪನಿಗೆ ಹುಟ್ಟಿತು. ಆದರೆ ಗಂಡುಮಗನ ಕೈಗೆ ಗೊಂಬೆ ಕೊಡಲು ಯಾವ ತಂದೆ ಒಪ್ಪುತ್ತಾನೆ? 1964ರಲ್ಲಿ ಜಿ.ಐ. ಜೋ ಎಂಬ ಹನ್ನೆರಡು ಇಂಚಿನ ಸೈನಿಕನನ್ನು ಮಾರುಕಟ್ಟೆಗೆ ತಂದಾಗ ಕಂಪನಿಯವರು ಅದನ್ನು ಗೊಂಬೆ ಎನ್ನದೆ 'ಆ್ಯಕ್ಷನ್ ಫಿಗರ್' ಎಂದರು. ಇಪ್ಪತ್ತೊಂದು ಕಡೆ ಚಲಿಸುವ ಅಂಗಗಳಿವೆ ಎಂಬುದೇ ಅದರ ಜಾಹೀರಾತಾಗಿತ್ತು. 1993ರಲ್ಲಿ ಅದೇ ಜಿ.ಐ. ಜೋ ಹೆಸರಿನಡಿ 'ಸ್ಟ್ರೀಟ್ ಫೈಟರ್' ಎಂಬ ವಿಡಿಯೊ ಆಟದ ಜಟ್ಟಿಗಳೂ ಬಂದರು. ಅಂದು ಹತ್ತು ವರ್ಷದವರಾಗಿದ್ದ ಮಕ್ಕಳು ಇಂದು ನಲವತ್ತರ ಅಂಚಿನಲ್ಲಿ ಸಂಬಳ ಎಣಿಸುತ್ತಿದ್ದಾರೆ. ಬಾಲ್ಯದಲ್ಲಿ ಸಿಗದಿದ್ದುದನ್ನು ಈಗ ಕೊಳ್ಳುತ್ತಾರೆ. ಆದರೆ ಆಡುವುದಿಲ್ಲ, ಗಾಜಿನ ಕಪಾಟಿನಲ್ಲಿಡುತ್ತಾರೆ. ನನ್ನ ಮೊಮ್ಮಗನಿಗೆ ಅಪ್ಪನ ಕಪಾಟಿನ ಬಾಗಿಲು ಮುಟ್ಟಲೂ ಅನುಮತಿಯಿಲ್ಲ. ಆಡಬಾರದ ಆಟಿಕೆ ಎಂಬ ಈ ವೈಪರೀತ್ಯಕ್ಕೆ ನಾನಿನ್ನೂ ಒಗ್ಗಿಕೊಂಡಿಲ್ಲ.

ಮಳೆ ಜಿಟಿಜಿಟಿ ಹಿಡಿದಿದ್ದ ಆ ಮಧ್ಯಾಹ್ನ ಮಗ ನನಗೆ ಪಾಠ ಹೇಳಿದ. ಪುಣೆಯ ತನ್ನ ಕಪಾಟಿನಿಂದ ತಂದಿದ್ದ ಒಂದು ಅಸಲಿ ಗೊಂಬೆಯನ್ನೂ ಈ ನಕಲಿಯನ್ನೂ ಬಿಳಿ ಟವೆಲ್ಲಿನ ಮೇಲೆ ಅಕ್ಕಪಕ್ಕ ಮಲಗಿಸಿದ.

ಮೊದಲ ಪರೀಕ್ಷೆ ಮೂಗಿನದು. ಅಸಲಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಕಲಿಯಿಂದ ಹೊಸ ಮಳೆಯಂಗಿಯ, ಸೀಮೆಎಣ್ಣೆಯಂಥ ಘಾಟು ಹೊಡೆಯುತ್ತಿತ್ತು. ಎರಡನೆಯದು ಹೊಳಪು. ಅಸಲಿ ಚರ್ಮ ಮಂಕಾಗಿ, ಬೆಳಕನ್ನು ಹೀರಿದಂತೆ ಕಾಣುತ್ತದೆ. ನಕಲಿ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಅನಂತರ ಕಣ್ಣು. ಈ ಗೊಂಬೆಗಳ ಕಣ್ಣನ್ನು ಕೈಯಿಂದ ಬರೆಯುವುದು ವಿರಳ. ಮೆತ್ತನೆಯ ಸಿಲಿಕೋನ್ ದಿಂಬಿನಿಂದ ಮುದ್ರೆ ಒತ್ತುತ್ತಾರೆ. ಮುದ್ರೆ ಕೂದಲೆಳೆಯಷ್ಟು ಜಾರಿದರೂ ವೀರನು ಮೆಳ್ಳಗಣ್ಣನಾಗುತ್ತಾನೆ. ನಮ್ಮ ನಕಲಿ ಲಿಂಕ್‌ನ ಬಲಗಣ್ಣು ಹುಬ್ಬಿನತ್ತ ಹತ್ತಿತ್ತು. ಬಳಿಕ ಎರಡು ಬಣ್ಣಗಳು ಕೂಡುವ ಗಡಿ: ಕೂದಲಿನ ಹಳದಿ ಹಣೆಗೆ ಸೋರಿದೆಯೇ, ಬೆಲ್ಟಿನ ಕಂದು ಅಂಗಿಗೆ ತಾಗಿದೆಯೇ. ಕಡೆಗೆ ಅಚ್ಚಿನ ಗೆರೆ. ಎರಡು ಅರೆ ಅಚ್ಚುಗಳು ಸೇರುವಲ್ಲಿ ಪ್ಲಾಸ್ಟಿಕ್ ತೆಳುವಾಗಿ ಉಕ್ಕಿ ನಿಂತ ಅಂಚು ಉಗುರಿಗೆ ತಾಗುತ್ತದೆ. ಒಳ್ಳೆಯ ತಯಾರಕ ಆ ಕೂಡುಗೆರೆಯನ್ನು ಕೂದಲಿನ ಹಿಂದೆಯೋ ಬಟ್ಟೆಯ ಮಡಿಕೆಯಲ್ಲಿಯೋ ಅಡಗಿಸುತ್ತಾನೆ. ಕೆಟ್ಟವನು ಕೆನ್ನೆಯ ಮೇಲೆಯೇ ಹಾಯಿಸುತ್ತಾನೆ.

ಕೀಲುಗಳ ವಿಷಯದಲ್ಲಿ ನನ್ನ ಅಂದಾಜು ತಪ್ಪಾಗಿತ್ತು. ಹೆಚ್ಚು ಕೀಲು ಇದ್ದಷ್ಟೂ ಹೆಚ್ಚು ಉತ್ತಮ ಎಂದು ನಾನು ತಿಳಿದಿದ್ದೆ. ಮಗ ನಕ್ಕ. ಮೊಣಕೈಯಲ್ಲಿ ಎರಡು ಕೀಲಿದ್ದರೆ ಕೈ ಭುಜವನ್ನು ಮುಟ್ಟೀತು, ನಿಜ. ಆದರೆ ತೋಳು ನೆಟ್ಟಗಿದ್ದಾಗ ಅದು ತೋಳಿನಂತೆ ಕಾಣಬೇಕಲ್ಲ? ಪ್ರತಿ ಕೀಲೂ ಶಿಲ್ಪದ ಒಂದು ಗೆರೆಯನ್ನು ಕಡಿಯುತ್ತದೆ. ಚಲನೆಗಾಗಿ ಎಷ್ಟು ರೂಪವನ್ನು ಬಿಟ್ಟುಕೊಡಬೇಕು ಎಂಬ ಈ ಚೌಕಾಶಿಯಲ್ಲೇ ತಯಾರಕನ ಬುದ್ಧಿ ತಿಳಿಯುವುದು. ಇರುವ ಕೀಲು ಬಿಗಿಯಾಗಿರಬೇಕು, ಆದರೆ ಕಚ್ಚಿಕೊಂಡಿರಬಾರದು. ಒಂಟಿ ಕಾಲಿನ ಮೇಲೆ ನಿಲ್ಲಿಸಿ ಕೈ ಬಿಟ್ಟರೆ ನಿಮಿಷವಾದರೂ ನಿಲ್ಲಬೇಕು. ಕಚ್ಚಿಕೊಂಡ ಕೀಲನ್ನು ಬಲದಿಂದ ತಿರುಗಿಸದೆ ಬಿಸಿನೀರಿನಲ್ಲಿ ಅದ್ದಿ ಸಡಿಲಿಸಬೇಕಂತೆ. ಅವಸರದವನ ಕೈಯಲ್ಲಿ ಉಳಿಯುವುದು ಮುರಿದ ಮಣಿಕಟ್ಟು.

ವಸ್ತುವಿನ ಜ್ಞಾನವೂ ಬೇಕು. ಮೈ ಮತ್ತು ಕೂದಲು ಸಾಮಾನ್ಯವಾಗಿ ಪಿವಿಸಿ. ಗಟ್ಟಿ ಭಾಗಗಳು ಎಬಿಎಸ್ ಎಂಬ ಬಿರುಸು ಪ್ಲಾಸ್ಟಿಕ್. ಪಿವಿಸಿಯನ್ನು ಮೆದುವಾಗಿಸಲು ಸೇರಿಸಿದ ದ್ರವ್ಯ ವರ್ಷಗಳು ಕಳೆದಂತೆ ಮೈಮೇಲೆ ಒಸರಿ ಅಂಟಂಟಾಗುತ್ತದೆ. ಗಾಳಿಯಾಡದ ಕಪಾಟಿನಲ್ಲಿ ಈ ಬಾಧೆ ಹೆಚ್ಚು. ಬಿಸಿಲು ಬಿಳಿಯ ಪ್ಲಾಸ್ಟಿಕ್ಕನ್ನು ಹಳದಿಗಟ್ಟಿಸುತ್ತದೆ. ಶಾಖಕ್ಕೆ ಪಿವಿಸಿ ಮೆತ್ತಗಾಗಿ, ತನ್ನ ತೂಕಕ್ಕೆ ತಾನೇ ವಾಲುತ್ತದೆ. ಕಳೆದ ಏಪ್ರಿಲ್‌ನಲ್ಲಿ ಮಗ ಇಲ್ಲಿ ಬಿಟ್ಟುಹೋಗಿದ್ದ ಒಂದು ಗೊಂಬೆ, ಪಶ್ಚಿಮದ ಕಿಟಕಿಯ ಬಳಿ ನಿಂತು, ಮೇ ತಿಂಗಳ ಹೊತ್ತಿಗೆ ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಬಾಗಿದ್ದು ನನಗೀಗ ಅರ್ಥವಾಯಿತು. ಆಗ ನಾನು ಅದು ಯುದ್ಧಕ್ಕೆ ಹೊರಟ ಭಂಗಿಯಿರಬೇಕೆಂದು ತಿಳಿದು ಸುಮ್ಮನಿದ್ದೆ.

ಇಷ್ಟೆಲ್ಲ ಆದ ಮೇಲೆ ಹೋಲಿಕೆಯ ಪ್ರಶ್ನೆ. ಸಿನಿಮಾ ನಟನ ಗೊಂಬೆಯಾದರೆ ಮನುಷ್ಯನ ಮುಖದೊಡನೆ ಹೋಲಿಸಬಹುದು. ವಿಡಿಯೊ ಆಟದ ಪಾತ್ರಕ್ಕೆ ರಕ್ತಮಾಂಸದ ಮೂಲವೇ ಇಲ್ಲ. ಮೂಲವಿರುವುದು ತೆರೆಯ ಮೇಲಿನ ಚಿತ್ರದಲ್ಲಿ. 1981ರಲ್ಲಿ 'ಡಾಂಕಿ ಕಾಂಗ್' ಆಟಕ್ಕಾಗಿ ಶಿಗೆರು ಮಿಯಾಮೊಟೊ ರೂಪಿಸಿದ ಪುಟ್ಟ ಬಡಗಿ ಮುಂದೆ ಮಾರಿಯೊ ಎಂದು ಜಗತ್ಪ್ರಸಿದ್ಧನಾದ. ಅವನಿಗೆ ಮೀಸೆ ಬಂದದ್ದು ಅಷ್ಟು ಚಿಕ್ಕ ಚಿತ್ರದಲ್ಲಿ ಮೂಗು ಬಾಯಿಗಳನ್ನು ಬೇರ್ಪಡಿಸಿ ತೋರಿಸಲಾಗದ್ದರಿಂದ. ಟೊಪ್ಪಿಗೆ ಬಂದದ್ದು ಕೂದಲು ಬಿಡಿಸುವುದು ಕಷ್ಟವಾದ್ದರಿಂದ. ಬೆರಳೆಣಿಕೆಯ ಚೌಕಗಳ ಬಡತನದಿಂದ ಹುಟ್ಟಿದ ಲಕ್ಷಣಗಳು ಇಂದು ಅವನ ಗುರುತುಗಳಾಗಿವೆ. ಲಿಂಕ್ ಎಂಬ ಈ ವೀರ ಬಹುಕಾಲ ಎಡಚನಾಗಿದ್ದ; 2011ರ 'ಸ್ಕೈವರ್ಡ್ ಸೋರ್ಡ್' ಆಟದಲ್ಲಿ ಆಟಗಾರರು ತಮ್ಮ ಕೈಯನ್ನೇ ಬೀಸಿ ಕತ್ತಿ ಆಡಿಸಬೇಕಾಗಿ ಬಂದುದರಿಂದ, ಬಹುಪಾಲು ಜನರ ಅನುಕೂಲಕ್ಕಾಗಿ ಬಲಗೈಯವನಾದ. ಹಾಗಾಗಿ ಯಾವ ಆಟದ ಲಿಂಕ್, ಕತ್ತಿ ಯಾವ ಕೈಯಲ್ಲಿ ಎಂಬುದನ್ನು ಸಂಗ್ರಾಹಕರು ಪರೀಕ್ಷಿಸುತ್ತಾರೆ. ಕೇಳಿ ನಗು ಬಂತಾದರೂ ಮರುಕ್ಷಣ ನೆನಪಾಯಿತು: ನಮ್ಮ ಮೂರ್ತಿಶಾಸ್ತ್ರದಲ್ಲಿ ಶಂಖ, ಚಕ್ರ, ಗದೆ, ಪದ್ಮಗಳು ಕೈಯಿಂದ ಕೈಗೆ ಬದಲಾದರೆ ವಿಷ್ಣುವಿನ ಹೆಸರೇ ಬದಲಾಗಿ ಕೇಶವನು ಮಾಧವನಾಗುತ್ತಾನೆ, ಹೀಗೆ ಇಪ್ಪತ್ತನಾಲ್ಕು ರೂಪ. ಲಕ್ಷಣವನ್ನು ಲಕ್ಷ್ಯದೊಡನೆ ಹೋಲಿಸಿ ನೋಡುವ ಪದ್ಧತಿ ನಮಗೆ ಹೊಸದೇನಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪಾಠದಲ್ಲಿ ಹಳೆಯದೊಂದು ಪ್ರಬಂಧ ಕಣ್ಣ ಮುಂದೆ ಬಂತು. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಬರೆದ ಆ ಪ್ರಬಂಧದ ತಿರುಳು ಇಷ್ಟೇ: ವಸ್ತುವಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿರದಿದ್ದರೆ, ಕೊಳ್ಳುವವನು ಎಲ್ಲಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆ ಒಳ್ಳೆಯ ವಸ್ತುವಿನವನಿಗೆ ಗಿಟ್ಟುವುದಿಲ್ಲ. ಅವನು ಪೇಟೆ ಬಿಟ್ಟು ಎದ್ದು ಹೋಗುತ್ತಾನೆ. ಉಳಿದವುಗಳ ಸರಾಸರಿ ಇನ್ನಷ್ಟು ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಕಡೆಗೆ ಕಳಪೆಯೊಂದೇ ಪೇಟೆಯಲ್ಲಿ ಉಳಿಯುತ್ತದೆ. ಈ ಚಿಂತನೆಗೆ 2001ರಲ್ಲಿ ನೊಬೆಲ್ ಬಹುಮಾನ ಸಂದಿತು. ಧಾರವಾಡದಲ್ಲಿ ಎಂ.ಎ. ಓದುವಾಗ ಪರೀಕ್ಷೆಗಾಗಿ ಇದನ್ನು ಉರು ಹೊಡೆದಿದ್ದೆ, ಅಂಕವೂ ಬಂದಿತ್ತು.

ಗೊಂಬೆ ಸಂಗ್ರಾಹಕರ ಪೇಟೆ ಇಷ್ಟೊಂದು ನಕಲಿಗಳ ನಡುವೆಯೂ ಹಾಗೆ ಕುಸಿದಿಲ್ಲ. ಕಾರಣ, ಕೊಳ್ಳುವವರು ತಮ್ಮತಮ್ಮಲ್ಲೇ ಒಂದು ಪರಿಭಾಷೆಯನ್ನು ಕಟ್ಟಿಕೊಂಡಿದ್ದಾರೆ. ಅಚ್ಚುಗೆರೆ, ಬಣ್ಣದ ಸೋರಿಕೆ, ಕೀಲಿನ ಬಿಗಿ, ಕಣ್ಣಿನ ಮುದ್ರೆ ಎಂದು ಒಬ್ಬ ಹೇಳಿದರೆ ಇನ್ನೊಬ್ಬನಿಗೆ ಅರ್ಥವಾಗುತ್ತದೆ, ತಯಾರಕನಿಗೂ ಮುಟ್ಟುತ್ತದೆ. ದೋಷಕ್ಕೆ ಹೆಸರಿದ್ದರೆ ಗುಣಕ್ಕೆ ಬೆಲೆ ಸಿಗುತ್ತದೆ. ಇದು ಅತಿರೇಕಕ್ಕೂ ಹೋಗಿದೆ ಎನ್ನಬೇಕು. ಅಮೆರಿಕದಲ್ಲಿ ಎಎಫ್‌ಎ ಎಂಬ ಸಂಸ್ಥೆ ಗೊಂಬೆಯನ್ನು ಪೆಟ್ಟಿಗೆ ಸಮೇತ ಪರೀಕ್ಷಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ ಕಳುಹಿಸುತ್ತದೆ. ರಟ್ಟಿನ ಮೂಲೆ ಮಡಚಿದ್ದರೂ ಅಂಕ ಕಡಿತ! ಒಳಗಿನ ಗೊಂಬೆಯನ್ನು ಯಾರೂ ಎಂದೂ ಮುಟ್ಟುವಂತಿಲ್ಲದ ಮೇಲೆ ಅದರ ಕೀಲು ಬಿಗಿಯಿದ್ದರೇನು, ಸಡಿಲಿದ್ದರೇನು? ಅಲ್ಲಿ ಮಾರಾಟವಾಗುವುದು ಗೊಂಬೆಯಲ್ಲ, ಅಂಕಪಟ್ಟಿ. ಮಗನೂ ಇದನ್ನು ಒಪ್ಪಿದ. ಅವನು ಪೆಟ್ಟಿಗೆ ತೆರೆಯುವ ಪಂಗಡಕ್ಕೆ ಸೇರಿದವನು.

ಪಾಠ ಮುಗಿಯಿತೆಂದು ನಾನು ಏಳುವಾಗ ಸೊಸೆ ಕಪಾಟಿನ ಮೇಲಿದ್ದ ಗೋಕಾಕದ ಮಾವಿನಹಣ್ಣನ್ನು ತಂದು ಟವೆಲ್ಲಿನ ಮೇಲಿಟ್ಟಳು. 'ಇದನ್ನೂ ಪರೀಕ್ಷೆ ಮಾಡ್ರಿ' ಎಂದಳು, ತಮಾಷೆಗೆ.

ಗೋಕಾಕದ ಗೊಂಬೆಗಳ ವಿಚಾರ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ದೂರದ ಓದುಗರಿಗಾಗಿ ನಾಲ್ಕು ಮಾತು. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ ದಾಟಿದರೆ ಗೋಕಾಕ. ಹೊರಗಿನವರಿಗೆ ಜಲಪಾತ ಮತ್ತು ಕರದಂಟಿನಿಂದ ಪರಿಚಿತವಾದ ಈ ಊರಿನಲ್ಲಿ ಹಗುರ ಮರದಿಂದಲೂ ಒಂದು ಬಗೆಯ ಮಣ್ಣಿನಿಂದಲೂ ಹಣ್ಣು, ಕಾಯಿಪಲ್ಲೆ, ದೇವರು, ಮನುಷ್ಯರ ಪ್ರತಿಕೃತಿಗಳನ್ನು ಮಾಡುವ ಕಸುಬು ತಲೆಮಾರುಗಳಿಂದ ಬಂದಿದೆ. ಬ್ರಿಟಿಷರ ಕಾಲದ ಗೆಜೆಟಿಯರ್ ಕೂಡ ಅದರ ವ್ಯಾಪಾರವನ್ನು ಉಲ್ಲೇಖಿಸಿದೆ. ಚನ್ನಪಟ್ಟಣದ್ದು ಬೇರೆ ದಾರಿ: ಅಲ್ಲಿ ಮರವನ್ನು ಚರಕಿಗೆ ಕಟ್ಟಿ ತಿರುಗಿಸುತ್ತ ಅರಗಿನ ಕಡ್ಡಿಯನ್ನು ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣವಾಗಿ ಕೂರುತ್ತದೆ. ಕೊಪ್ಪಳದ ಕಿನ್ನಾಳದವರು ಹಗುರ ಮರದ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸಿ ದೇವತಾ ಮೂರ್ತಿಗಳನ್ನು ಮಾಡುತ್ತಾರೆ. ಈ ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಗೋಕಾಕದವರ ಹೆಚ್ಚುಗಾರಿಕೆ ಇರುವುದು ಕಣ್ಣನ್ನು ಮೋಸಗೊಳಿಸುವುದರಲ್ಲಿ. ತಾಟಿನಲ್ಲಿಟ್ಟ ಬಾಳೆ, ಸೀತಾಫಲ, ಬದನೆಕಾಯಿಗಳಿಗೆ ಅತಿಥಿ ಕೈ ನೀಡಬೇಕು, ನೀಡಿ ನಾಚಬೇಕು.

ಮಗ ತಮಾಷೆ ಮಾಡಲಿಲ್ಲ. ಮಾವಿನಹಣ್ಣನ್ನು ಅದೇ ಶ್ರದ್ಧೆಯಿಂದ ಎತ್ತಿ ಕಿಟಕಿಗೆ ಒಯ್ದ. ಅದು ನಮ್ಮ ಮದುವೆಯ ಹೊಸದರಲ್ಲಿ ಕೊಂಡದ್ದು. ನಲವತ್ತು ವರ್ಷವಾಗುತ್ತ ಬಂತು. ತೊಟ್ಟಿನ ಸುತ್ತ ಹಸಿರು ಕ್ರಮೇಣ ಹಳದಿಗೆ ತಿರುಗಿ, ಬಿಸಿಲು ಬಿದ್ದ ಕೆನ್ನೆಯಲ್ಲಿ ಮಾತ್ರ ಕೆಂಪು ಒಸರಿತ್ತು. ಎಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಆರಂಭವಾಯಿತೆಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಮೇಲೆ ಸೂಜಿಮೊನೆಯಷ್ಟು ಚಿಕ್ಕ ಕಂದು ಚುಕ್ಕೆಗಳು ತೊಟ್ಟಿನ ಹತ್ತಿರ ಒತ್ತಾಗಿ, ಕೆಳಗಿಳಿದಂತೆ ವಿರಳವಾಗಿದ್ದವು. ಹೊರಳಿಸಿದರೆ ತಳವೂ ಅಷ್ಟೇ ನುಣುಪು. ಕೂಡುಗೆರೆಯಿಲ್ಲ, ಬಿರುಕಿಲ್ಲ. 'ಯಾರು ಮಾಡ್ಯಾರ ಇದನ್ನ?' ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಎಲ್ಲಿಯೂ ಹೆಸರಿರಲಿಲ್ಲ.

ಆಮೇಲೆ ಎರಡು ವರ್ಷಗಳ ಹಿಂದೆ ಪ್ರದರ್ಶನವೊಂದರಲ್ಲಿ ಕೊಂಡ ಮಾವನ್ನೂ ತಂದೆವು. ಅದರ ಹಳದಿ ಒಂದೇ ಹಳದಿ. ಕೆಂಪು ಒಂದು ಪಟ್ಟಿ. ಚುಕ್ಕೆಗಳು ಸಿಡುಬಿನಂತೆ ಎಲ್ಲೆಂದರಲ್ಲಿ. ತಳಕ್ಕೆ ಬಿಳಿ ಲೇಪವನ್ನೇ ಹಚ್ಚದೆ ಬಣ್ಣ ಬಳಿದಿದ್ದರಿಂದ ಮರದ ನಾರು ಎದ್ದು ಕಾಣುತ್ತಿತ್ತು. ವಾರ್ನಿಶ್ ಒಂದೆಡೆ ಹನಿಗಟ್ಟಿತ್ತು. ಮಗ ಲಿಂಕ್‌ನ ಮೇಲೆ ಪ್ರಯೋಗಿಸಿದ ಪ್ರತಿಯೊಂದು ಶಬ್ದವೂ ಇಲ್ಲಿ ಸಲ್ಲುತ್ತಿತ್ತು. ಆದರೆ ಕೊಳ್ಳುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: 'ಎಷ್ಟಕ್ಕ ಕೊಡ್ತೀರಿ?'

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. 1994ರಲ್ಲಿ ಈ ಭಾಗದ ಒಂದು ಕಚೇರಿಯಲ್ಲಿದ್ದಾಗ, ಸಮ್ಮೇಳನವೊಂದರ ಪ್ರತಿನಿಧಿಗಳಿಗೆ ನೆನಪಿನ ಕಾಣಿಕೆಯಾಗಿ ಗೋಕಾಕದ ಹಣ್ಣಿನ ತಾಟುಗಳನ್ನು ಕೊಡುವ ನಿರ್ಧಾರವಾಯಿತು. 250 ತಾಟು. ಸಲಹೆ ನನ್ನದೇ, ಸ್ಥಳೀಯ ಕಲೆಗೆ ಪ್ರೋತ್ಸಾಹವೆಂದು ಟಿಪ್ಪಣಿಯಲ್ಲಿ ಬರೆದಿದ್ದೆ. ಎರಡು ದರಪಟ್ಟಿಗಳು ಬಂದವು: ಒಬ್ಬ ಹಿರಿಯ ಕುಶಲಕರ್ಮಿಯದು ತಾಟಿಗೆ 85 ರೂಪಾಯಿ, ಇನ್ನೊಬ್ಬ ವ್ಯಾಪಾರಿಯದು 60. ಹಿರಿಯ ತನ್ನ ಮಾದರಿಯೊಡನೆ ಕಚೇರಿಗೆ ಬಂದ. ಎದುರಾಳಿಯ ಮಾದರಿಯೂ ನನ್ನ ಮೇಜಿನ ಮೇಲಿತ್ತು. ಆತ ಎರಡನ್ನೂ ನೋಡಿ, 'ಸಾಹೇಬ್ರ, ಹೊಳ್ಳಿಸಿ ನೋಡ್ರಿ' ಎಂದ. ಇನ್ನೇನೂ ಹೇಳಲಿಲ್ಲ.

ನಾನು ಹೊರಳಿಸಿ ನೋಡಲಿಲ್ಲ. ನೋಡಿದ್ದರೂ ಏನು ನೋಡಬೇಕೆಂದು ನನಗೆ ಗೊತ್ತಿರಲಿಲ್ಲ. ಕಡತಕ್ಕೆ ಬೇಕಾದದ್ದು ಹೋಲಿಕೆ ಪಟ್ಟಿಕೆ. ಅದರಲ್ಲಿದ್ದ ಕಾಲಮ್ಮುಗಳು ಸಂಖ್ಯೆ, ಗಾತ್ರ, ದರ. ಗುಣಕ್ಕೆ ಕಾಲಮ್ಮು ಇರಲಿಲ್ಲ, ಇದ್ದಿದ್ದರೆ ತುಂಬಲು ಶಬ್ದಗಳಿರಲಿಲ್ಲ. 25 ರೂಪಾಯಿ ಹೆಚ್ಚು ಕೊಟ್ಟರೆ ಲೆಕ್ಕಪರಿಶೋಧಕರಿಗೆ ಏನೆಂದು ಉತ್ತರಿಸುವುದು? ಕಡಿಮೆ ದರಕ್ಕೆ ಮಂಜೂರಾತಿ ಬರೆದೆ. ಸರ್ಕಾರಕ್ಕೆ 6,250 ರೂಪಾಯಿ ಉಳಿಸಿದೆನೆಂಬ ಸಮಾಧಾನವೂ ಇತ್ತು. ಮರುವರ್ಷ ದರ ಕರೆದಾಗ ಆ ಹಿರಿಯ ಅರ್ಜಿಯನ್ನೇ ಹಾಕಲಿಲ್ಲ. ಅಕರ್ಲಾಫ್ ಹೇಳಿದ್ದು ನನ್ನ ಮೇಜಿನ ಮೇಲೆ, ನನ್ನದೇ ಹಸಿರು ಶಾಯಿಯಲ್ಲಿ ನಡೆಯಿತು. ಚಿನ್ನದಂಥ ಪ್ರಬಂಧವನ್ನು ಓದಿಕೊಂಡಿದ್ದ ನನಗೆ ಅದು ಹೊಳೆಯಲೇ ಇಲ್ಲ.

ಮುಂದೆ ಖರೀದಿಗೆ 1999ರ ಪಾರದರ್ಶಕತಾ ಕಾಯ್ದೆ ಬಂತು. ತಾಂತ್ರಿಕ ಅರ್ಹತೆ ಮತ್ತು ದರಕ್ಕೆ ಪ್ರತ್ಯೇಕ ಲಕೋಟೆಗಳ ಪದ್ಧತಿಯೂ ರೂಢಿಗೆ ಬಂತು. ಆದರೆ ತಾಂತ್ರಿಕ ಲಕೋಟೆಯಲ್ಲಿ ಗೊಂಬೆಯ ಬಗ್ಗೆ ಏನು ಬರೆಯಬೇಕೆಂದು ಕರಕುಶಲದ ಕಣ್ಣುಳ್ಳವರು ಹೇಳಿಕೊಡದಿದ್ದರೆ, ಎರಡು ಲಕೋಟೆಗಳಿದ್ದರೂ ಒಂದೇ.

ಕಾನೂನು ಸುಮ್ಮನಿಲ್ಲ ಎನ್ನುವವರಿದ್ದಾರೆ. ನಿಜ. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಚೂಪು ಅಂಚು, ನುಂಗಬಹುದಾದ ತುಣುಕು, ಬೆಂಕಿ ಹೊತ್ತುವ ಗುಣ, ಬಣ್ಣದಿಂದ ಒಸರಬಹುದಾದ ಸೀಸ, ಕ್ಯಾಡ್ಮಿಯಂ ಇವುಗಳ ಪರೀಕ್ಷೆಯಾಗಬೇಕು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಉತ್ಪನ್ನಗಳಿಗೂ 2020ರ ಡಿಸೆಂಬರಿನಲ್ಲಿ ವಿನಾಯಿತಿ ದೊರೆಯಿತು. ಪ್ರಯೋಗಾಲಯದ ಖರ್ಚನ್ನು ಒಂದು ಮನೆಯ ಕಾರ್ಖಾನೆ ತಾಳಲಾರದು. ಆದ್ದರಿಂದ ವಿನಾಯಿತಿ ನ್ಯಾಯವೇ. ಆದರೆ ಐಎಸ್‌ಐ ಗುರುತು ಹೇಳುವುದು ಈ ಗೊಂಬೆ ಮಗುವಿಗೆ ಅಪಾಯವಲ್ಲ ಎಂದಷ್ಟೇ. ಗೊಂಬೆ ಚೆನ್ನಾಗಿದೆ ಎಂದಲ್ಲ. ವಿನಾಯಿತಿ ಪಡೆದ ವಸ್ತುವಿನ ಬಗ್ಗೆಯಂತೂ ಅದು ಏನನ್ನೂ ಹೇಳುವುದಿಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ನಮ್ಮ ನಲವತ್ತು ವರ್ಷದ ಸುಂದರ ಮಾವು ಆ ನಿಯಮಕ್ಕಿಂತ ಎಷ್ಟೋ ಹಿಂದಿನದು. ಆದ್ದರಿಂದ ಅದನ್ನೂ ಮೊಮ್ಮಗನ ಕೈಗೆ ಕೊಡದೆ ಕಪಾಟಿನಲ್ಲಿಟ್ಟಿದ್ದೇವೆ. ಮಗನನ್ನು ಹಾಸ್ಯ ಮಾಡುವ ಅಧಿಕಾರ ನನಗೂ ಅಷ್ಟಾಗಿ ಉಳಿದಿಲ್ಲ ಎಂದಾಯಿತು.

ಪ್ಲಾಸ್ಟಿಕ್ ಆಟಿಕೆಯ ಲೋಕ ನಮ್ಮಿಂದ ದೂರವೂ ಇಲ್ಲ. ಸಂಕೇಶ್ವರದಿಂದ ಬೆಳಗಾವಿಯತ್ತ ಹೆದ್ದಾರಿ ಹಿಡಿದರೆ, ನಮ್ಮ ಹುಕ್ಕೇರಿ ತಾಲ್ಲೂಕಿನದೇ ಆದ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯವಿದೆ. ವಿಮಾನದ ಬಿಡಿಭಾಗಗಳಿಂದ ಹೆಸರಾದ ಆ ಕಂಪನಿ ವಿದೇಶಿ ಸಂಸ್ಥೆಗಳಿಗೆ ಆಟಿಕೆಗಳನ್ನೂ ಮಾಡಿಕೊಡುತ್ತದೆ. ಅದರ ಗ್ರಾಹಕರಲ್ಲಿ ಹ್ಯಾಸ್ಬ್ರೊ ಕೂಡ ಒಂದು. ಅದರದೇ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಶಂಕುಸ್ಥಾಪನೆಯಾಯಿತು. ಕಿನ್ನಾಳ ಇರುವುದೂ ಅದೇ ಜಿಲ್ಲೆಯಲ್ಲಿ. ಅಚ್ಚಿನ ಕಾರ್ಖಾನೆಯಲ್ಲಿ ಗುಣಮಟ್ಟವೆಂದರೆ ಮೊದಲನೆಯದಕ್ಕೂ ಹತ್ತು ಸಾವಿರದನೆಯದಕ್ಕೂ ಭೇದವಿಲ್ಲದಿರುವುದು. ಕೈಗೊಂಬೆಯಲ್ಲಿ ಭೇದವಿರುವುದು ಸಹಜ. ಆ ಭೇದ ಕೈಯ ಹದದಿಂದ ಬಂದುದೋ ಅವಸರದಿಂದ ಬಂದುದೋ ಎಂದು ಬಿಡಿಸಿ ಹೇಳುವುದು ಕಷ್ಟದ ಕೆಲಸ. ಕಷ್ಟವೆಂದೇ ನಾವು ಅದನ್ನು ಕಲಿಯಲಿಲ್ಲ. 'ಕೈಯಿಂದ ಮಾಡಿದ್ದು' ಎಂಬ ಒಂದೇ ಹೊಗಳಿಕೆಯಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಸುತ್ತಿಬಿಟ್ಟೆವು. ಕರುಣೆಯಿಂದ ಕೊಳ್ಳುವ ಗ್ರಾಹಕ ಕಲೆಗೆ ಮಾಡುವ ಕೇಡು ಚೌಕಾಶಿ ಮಾಡುವವನಿಗಿಂತ ಕಡಿಮೆಯದಲ್ಲವೆಂದು ನನಗೀಗ ತೋರುತ್ತದೆ.

ನಕಲಿ ಲಿಂಕ್‌ನ ಗತಿ ಹೇಳಲು ಮರೆತೆ. ಮಾರಿದವನು ಪತ್ರಕ್ಕೆ ಉತ್ತರಿಸಲಿಲ್ಲ, ಹಣ ಹೋಯಿತು. ಸಂಗ್ರಹಕ್ಕೆ ಬಾರದಿದ್ದರೆ ಮೊಮ್ಮಗನಾದರೂ ಆಡಲಿ ಎಂದೆ. ಮಗ ಒಪ್ಪಲಿಲ್ಲ. ಅದರ ಬಣ್ಣದಲ್ಲೇನಿದೆಯೋ, ಘಾಟಿನಲ್ಲೇನಿದೆಯೋ ಯಾರು ಬಲ್ಲರು? ಗೊಂಬೆ ಈಗ ಅಟ್ಟದ ಮೇಲಿದೆ.

ಪಂಚಮಿಯ ಮರುದಿನ ಇಬ್ಬರೂ ಗೋಕಾಕಕ್ಕೆ ಹೋದೆವು. ಮಗನ ಜೇಬಿನಲ್ಲಿ ಅಸಲಿ ಗೊಂಬೆ, ನನ್ನ ಚೀಲದಲ್ಲಿ ಹಳೆಯ ಮಾವು. ಗೊಂಬೆ ಮಾಡುವ ಮನೆಯೊಂದರಲ್ಲಿ ನಡುವಯಸ್ಸಿನ ಒಬ್ಬರು ಗಣಪತಿಗಳಿಗೆ ಬಣ್ಣ ಬಳಿಯುತ್ತ ಕುಳಿತಿದ್ದರು. ಮಾವನ್ನು ಕೈಗಿತ್ತೆ. ಮೇಲ್ಭಾಗವನ್ನು ನೋಡದೆ ಮೊದಲು ತಳವನ್ನೇ ಹೊರಳಿಸಿದರು. ಬಳಿಕ ತೊಟ್ಟಿನ ಸುತ್ತ ಹೆಬ್ಬೆರಳಾಡಿಸಿ, ಇದು ತಮ್ಮ ಮನೆಯದಲ್ಲ, ಆದರೆ ಯಾರ ಮನೆಯದೆಂದು ಗೊತ್ತು ಎಂದರು. ಆ ಮನೆಯಲ್ಲಿ ಈಗ ಯಾರೂ ಈ ಕೆಲಸ ಮಾಡುವುದಿಲ್ಲವಂತೆ. 85 ರೂಪಾಯಿಯ ಹಿರಿಯ ಅದೇ ಮನೆಯವರೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಅವರು ಮಗನ ಪ್ಲಾಸ್ಟಿಕ್ ವೀರನನ್ನು ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದರು. 'ಕಣ್ಣ ಛಲೋ ಬಿದ್ದಾವು' ಎಂದರು. ಹೊರಳಿಸಿದರು. ಸೊಂಟದ ಹಿಂಭಾಗದಲ್ಲಿ, ಮಗ ಮೂರು ವರ್ಷಗಳಲ್ಲಿ ಒಮ್ಮೆಯೂ ಗಮನಿಸಿರದ ಒಂದು ಎಳೆಯಂಥ ಅಂಚಿನ ಮೇಲೆ ಉಗುರಿಟ್ಟು, 'ಇಲ್ಲೆ ತಿಕ್ಕಿಲ್ಲ ನೋಡ್ರಿ' ಎಂದರು. ಮಗ ಬಾಗಿ ನೋಡಿ ಒಪ್ಪಿದ. ಹಳೆಯ ಮಾವಿನಂಥ ಹಣ್ಣುಗಳ ಒಂದು ತಾಟು ಬೇಕು, ದರ ನೀವೇ ಹೇಳಿ, ತಳದಲ್ಲಿ ನಿಮ್ಮ ಹೆಸರು ಮತ್ತು ಇಸವಿ ಬರೆದುಕೊಡಬೇಕು ಎಂದು ಕೇಳಿದ. ಹೆಸರಿನ ಮಾತಿಗೆ ಅವರು ನಕ್ಕರು. ಅಂಥದನ್ನು ಯಾರೂ ಕೇಳಿರಲಿಲ್ಲವಂತೆ. ಅಷ್ಟು ಪದರದ ಬಣ್ಣಕ್ಕೆ ಒಣಗಲು ಬಿಸಿಲು ಬೇಕು, ಈ ಮಳೆಯಲ್ಲಿ ಆಗದು, ಗಣಪತಿ ಹಬ್ಬ ದಾಟಲಿ ಎಂದರು. ದರವನ್ನು ಮಾಡಿ ನೋಡಿದ ಮೇಲೆ ಹೇಳುತ್ತಾರಂತೆ.